ಎಲ್ರಿಗೂ ಫುಲ್ ಕಂಟ್ರೋಲ್ ಕೊಟ್ಟಿದ್ದ ಸರ್ವರ್ ಕಥೆ

ನಿಮ್ಮಲ್ಲಿ ಎಷ್ಟು ಜನರ ಆಫೀಸಲ್ಲಿ ಸರ್ವರ್ ಮೇಲಿರೋ ಶೇರ್ ಫೋಲ್ಡರ್‌ಗೆ ‘ಎವ್ರಿವನ್, ಫುಲ್ ಕಂಟ್ರೋಲ್’ ಅಂತ, ಅಂದ್ರೆ ಎಲ್ರೂ ಏನು ಬೇಕಾದ್ರೂ ಮಾಡಬಹುದು ಅಂತ ಕೊಟ್ಟಿದೀರಿ, ಕೈ ಎತ್ತಿ ನೋಡೋಣ. ಎತ್ತದೇ ಇರೋರು ಇನ್ನೂ ತೆಗೆದು ನೋಡಿಲ್ಲ ಅಂತ ನನ್ನ ಗುಮಾನಿ. ನಾಚ್ಕೋಬೇಡಿ, ನಾನೂ ಕೊಟ್ಟಿದೀನಿ, ವರ್ಷಗಟ್ಟಲೆ ಕೊಟ್ಟಿದೀನಿ. ಯಾಕೆ ಕೊಡ್ತೀವಿ ಅಂದ್ರೆ ಸಂಜೆ ಐದೂವರೆಗೆ ಫೋನ್ ಬರತ್ತೆ, ‘ಸಾರ್ ಫೈಲ್ ಓಪನ್ ಆಗ್ತಿಲ್ಲ, ಅಕ್ಸೆಸ್ ಡಿನೈಡ್ ಅಂತಿದೆ, ಜಿಎಸ್‌ಟಿ ರಿಟರ್ನ್‌ಗೆ ಇವತ್ತೇ ಲಾಸ್ಟು’ ಅಂತ, ಆ ಹೊತ್ತಲ್ಲಿ ಯಾವ ಗ್ರೂಪು, ಎಲ್ಲಿಂದ ಇಳಿದು ಬಂದ ಪರ್ಮಿಷನ್ನು ಅಂತ ಕೂತು ಯಾರು ನೋಡ್ತಾರೆ, ಎವ್ರಿವನ್ ಹಾಕು, ಟಿಕ್ ಹೊಡಿ, ಅಪ್ಲೈ, ಫೋನ್ ಇಡು. ನಾಳೆ ಸರಿ ಮಾಡೋಣ ಅನ್ಕೋತೀವಿ. ಆ ನಾಳೆ ಬರೋದಿಲ್ಲ.

ನಾನು ನೋಡ್ಕೊಳ್ತಿದ್ದ ಒಂದು ಆಫೀಸು, ಹೆಸರು ಬೇಡ, ಮೂವತ್ತು ಚಿಲ್ರೆ ಜನ, ಒಂದೇ ವಿಂಡೋಸ್ ಸರ್ವರ್. ಅದರ ಡಿ ಡ್ರೈವಲ್ಲಿ ‘ಡೇಟಾ’ ಅಂತ ಒಂದು ಫೋಲ್ಡರ್, ಒಳಗೆ ಅಕೌಂಟ್ಸ್, ಸೇಲ್ಸ್, ಎಚ್‌ಆರ್, ಸ್ಟೋರ್ಸ್, ಕಾಮನ್. ಎಲ್ಲರ ಸಿಸ್ಟಂನಲ್ಲೂ ಅದೇ ಜೆಡ್ ಡ್ರೈವ್ ಆಗಿ ಕೂತಿರೋದು. ಒಂದಿನ ಸೇಲ್ಸ್ ಹುಡುಗ ಒಬ್ಬ ರೇಟ್ ಲಿಸ್ಟ್ ಹುಡುಕೋಕೆ ಸರ್ಚ್ ಬಾಕ್ಸಲ್ಲಿ ‘ಫೈನಲ್’ ಅಂತ ಹೊಡೆದ. ‘ಇನ್‌ಕ್ರಿಮೆಂಟ್ ಫೈನಲ್’ ಅನ್ನೋ ಎಕ್ಸೆಲ್ ಫೈಲೂ ಬಂತು. ತೆಗೆಯದೇ ಇರ್ತಾನಾ? ನೀವಾದ್ರೂ ಬಿಡ್ತಿದ್ರಾ? ಊಟದ ಡಬ್ಬಿ ಮುಚ್ಚೋ ಹೊತ್ತಿಗೆ ಯಾರ ಸಂಬಳ ಎಷ್ಟು ಅಂತ ಇಡೀ ಆಫೀಸಿಗೆ ಬಾಯಿಪಾಠ. ಬೈಸ್ಕೊಂಡಿದ್ದು ಆ ಹುಡುಗ, ತಪ್ಪು ನಂದು.

ಮಾಲೀಕರು ಕರೆದು ‘ಆ ಎಚ್‌ಆರ್ ಫೋಲ್ಡರ್‌ಗೆ ಬೀಗ ಹಾಕಪ್ಪಾ’ ಅಂದ್ರು. ನಾನು ಮಹಾ ಬುದ್ಧಿವಂತ, ಎಚ್‌ಆರ್ ಫೋಲ್ಡರ್‌ಗೆ ಹೋಗಿ ಎವ್ರಿವನ್‌ಗೆ ಡಿನೈ ಹಾಕಿ ಕೆಳಗೆ ಎಚ್‌ಆರ್‌ನ ಇಬ್ರಿಗೆ ಅಲೋ ಕೊಟ್ಟೆ. ಬೇರೆಯವರಿಗೆ ಮುಚ್ಚತ್ತೆ, ಇವರಿಬ್ರಿಗೆ ತೆರೆಯತ್ತೆ ಅಂತ ಲೆಕ್ಕ. ಎವ್ರಿವನ್ ಅಂದ್ರೆ ಎಲ್ರೂ ಅಂತ ತಲೆಗೆ ಹೊಳೆಯಲೇ ಇಲ್ಲ ನೋಡಿ, ಎಚ್‌ಆರ್‌ನವರೂ ಎವ್ರಿವನ್‌ನಲ್ಲೇ ಇದಾರೆ, ಅಡ್ಮಿನ್ ಆದ ನಾನೂ ಇದೀನಿ. ಒಂದೇ ಫೋಲ್ಡರ್ ಮೇಲೆ ನೇರ ಹಾಕಿದ ಡಿನೈ ಅಲೋನ ಸೋಲಿಸತ್ತೆ, ಎಲ್ರೂ ಹೊರಗೆ. ಫೋಲ್ಡರ್ ಓನರ್‌ಶಿಪ್ ಅಡ್ಮಿನಿಸ್ಟ್ರೇಟರ್ಸ್ ಹೆಸರಲ್ಲಿತ್ತು ಅಂತ ಬಚಾವಾದೆ, ಯಾಕಂದ್ರೆ ಓನರ್ ಆದೋರಿಗೆ ಒಳಗಿರೋದು ಓದೋಕೆ ಬರದೇ ಇದ್ರೂ ಪರ್ಮಿಷನ್ ತಿದ್ದೋ ಹಕ್ಕು ಹೋಗಲ್ಲ. ಅವತ್ತು ರಾತ್ರಿ ಕೂತು ಎಲ್ಲಾ ಕಿತ್ತುಹಾಕಿ ಮೊದಲಿಂದ ಮಾಡಿದೆ. ನಾನು ಇವತ್ತು ಹೇಳೋದು ಆ ರಾತ್ರಿ ಮಾಡಿದ್ದು, ಆಮೇಲೆ ತಿದ್ಕೊಂಡಿದ್ದು.

ನಮ್ಮ ಕಡೆ ಮದುವೆ ಮನೇಲಿ ಉಗ್ರಾಣ ಅಂತ ಇರತ್ತಲ್ಲ. ಬೀಗದ ಕೈ ಒಬ್ಬರ ಸೊಂಟದಲ್ಲಿರತ್ತೆ. ಅಡುಗೆ ಭಟ್ರ ಕಡೆಯೋರು ಒಳಗೆ ಹೋಗಿ ಬೇಕಾದ್ದು ಅಳತೆ ಮಾಡಿ ತರ್ತಾರೆ. ಬಡಿಸೋರಿಗೆ ಒಳಗೆ ಕೆಲಸ ಇಲ್ಲ, ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ತಾರೆ. ನೆಂಟರು ಆ ಕಡೆ ಸುಳಿಯೋದೇ ಇಲ್ಲ. ಈಗ ಯೋಚ್ನೆ ಮಾಡಿ, ಬಡಿಸೋ ಹುಡುಗರು ಪಂಕ್ತಿಗೊಬ್ಬರು ಬದಲಾಗ್ತಾರೆ, ಮಾವನ ಮಗ ಹೋಗಿ ಪಕ್ಕದ ಮನೆಯವನು ಬರ್ತಾನೆ, ಸೊಂಟಕ್ಕೆ ಟವಲ್ ಕಟ್ಟಿ ಬಕೆಟ್ ಹಿಡಿದ ಅಂದ್ರೆ ಅವನು ಬಡಿಸೋನು, ಅಷ್ಟೇ. ಅವನ ಹೆಸರು ಯಾರೂ ಉಗ್ರಾಣದ ಬಾಗಿಲ ಮೇಲೆ ಬರೆಯಲ್ಲ. ನಾವು ಸರ್ವರ್‌ನಲ್ಲಿ ಮಾಡೋ ತಪ್ಪು ಇದೇ, ಬಾಗಿಲ ಮೇಲೆ ಹೆಸರು ಬರೀತೀವಿ. ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್ ತೆಗೆದ್ರೆ ಹದಿನಾಲ್ಕು ಜನರ ಹೆಸರು, ಅದರಲ್ಲಿ ನಾಲ್ಕು ಜನ ಕೆಲಸ ಬಿಟ್ಟು ಹೋಗಿದಾರೆ, ಅವರ ಅಕೌಂಟ್ ಡಿಲೀಟ್ ಆಗಿರೋದ್ರಿಂದ ಹೆಸರಿನ ಜಾಗದಲ್ಲಿ ಎಸ್-ಒಂದು-ಐದು-ಇಪ್ಪತ್ತೊಂದು ಅಂತ ಶುರುವಾಗೋ ಉದ್ದನೆ ನಂಬರ್ ಕೂತಿರತ್ತೆ. ಅದು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ, ತೆಗೆಯೋಕೂ ಭಯ.

ಪರ್ಮಿಷನ್ ಕೊಡೋದು ಆಳಿಗಲ್ಲ, ಕೆಲಸಕ್ಕೆ. ಹಾಗಾಗಿ ಮೊದಲು ಸರ್ವರ್ ಮುಟ್ಟಬೇಡಿ, ಒಂದು ಹಾಳೆ ತಗೊಳ್ಳಿ. ಎಡಗಡೆ ಫೋಲ್ಡರ್‌ಗಳು, ಮೇಲ್ಗಡೆ ಕೆಲಸಗಳು, ಅಂದ್ರೆ ಅಕೌಂಟ್ಸ್‌ನವರು, ಸೇಲ್ಸ್‌ನವರು, ಸ್ಟೋರ್ಸ್, ಎಚ್‌ಆರ್, ಮಾಲೀಕರು, ಹೊರಗಿಂದ ಬರೋ ಆಡಿಟರ್. ಪ್ರತಿ ಮನೇಲೂ ಮೂರರಲ್ಲೊಂದು ಬರೀರಿ: ಇಲ್ಲ, ಓದಬಹುದು, ತಿದ್ದಬಹುದು. ನಾಲ್ಕನೇದು ಬೇಡವೇ ಬೇಡ. ಈ ಹಾಳೆ ನೀವೊಬ್ರೇ ತುಂಬಬೇಡಿ. ಸ್ಟೋರ್ಸ್‌ನ ಸ್ಟಾಕ್ ಶೀಟ್ ಅಕೌಂಟ್ಸ್‌ನವರು ತಿದ್ದಬೇಕಾ ಬರೀ ನೋಡ್ಬೇಕಾ ಅನ್ನೋದು ಐಟಿಯವನು ತೀರ್ಮಾನ ಮಾಡೋ ವಿಷಯನೇ ಅಲ್ಲ. ನಾನು ಆ ಆಫೀಸಲ್ಲಿ ಹಾಳೆ ಹಿಡ್ಕೊಂಡು ಮಾಲೀಕರ ಮುಂದೆ ಕೂತೆ, ಅವರು ಹತ್ತು ನಿಮಿಷದ ಕೆಲಸ ಅಂದ್ರು, ಒಂದೂವರೆ ಗಂಟೆ ಆಯ್ತು, ಮಧ್ಯದಲ್ಲಿ ಸ್ಟೋರ್ಸ್ ಮ್ಯಾನೇಜರ್‌ನ ಕರೆಸಿ ಸಣ್ಣ ಜಗಳಾನೂ ಆಯ್ತು. ಆ ಜಗಳ ಅಲ್ಲೇ ಆಗಿದ್ದು ಒಳ್ಳೇದಾಯ್ತು, ಇಲ್ದಿದ್ರೆ ನನ್ನ ಫೋನಲ್ಲಿ ಆಗ್ತಿತ್ತು. ಕೊನೇಲಿ ಆ ಹಾಳೆಗೆ ಅವರ ಸೈನ್ ತಗೊಂಡೆ.

ಈಗ ಸರ್ವರ್‌ಗೆ ಬರೋಣ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಮೂಲಕ ಬರೋರಿಗೆ ಎರಡು ಬಾಗಿಲು. ಮೊದಲನೇದು ಶೇರ್ ಪರ್ಮಿಷನ್, ಅದು ಕಾಂಪೌಂಡ್ ಗೇಟು. ಎರಡನೇದು ಎನ್‌ಟಿಎಫ್‌ಎಸ್ ಪರ್ಮಿಷನ್, ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬಲ್ಲಿ ಕೊಡೋದು, ಅದು ಒಳಗಿನ ಕೋಣೆ ಬಾಗಿಲು. ಗೇಟಲ್ಲಿ ರೀಡ್ ಮಾತ್ರ ಇದ್ದು ಕೋಣೇಲಿ ಫುಲ್ ಕಂಟ್ರೋಲ್ ಇದ್ರೂ ಸಿಗೋದು ರೀಡೇ. ಎರಡರಲ್ಲಿ ಯಾವುದು ಬಿಗಿಯೋ ಅದು ನಡೆಯತ್ತೆ. ಆದ್ರೆ ಸರ್ವರ್ ಮುಂದೆನೇ ಕೂತು ಲಾಗಿನ್ ಆದೋರಿಗೆ, ರಿಮೋಟ್ ಡೆಸ್ಕ್‌ಟಾಪಲ್ಲಿ ಸರ್ವರ್ ಒಳಗೆ ಬಂದೋರಿಗೆ, ಗೇಟ್ ಲೆಕ್ಕಕ್ಕೇ ಇಲ್ಲ, ಅವರು ಮನೆ ಒಳಗೇ ಇದಾರೆ, ಅವರನ್ನ ತಡೆಯೋದು ಕೋಣೆ ಬಾಗಿಲು ಮಾತ್ರ. ‘ಸಾರ್ ಶೇರ್‌ನಲ್ಲಿ ರೀಡ್ ಮಾತ್ರ ಕೊಟ್ಟಿದೀನಿ, ಆದ್ರೂ ಅವನು ಡಿಲೀಟ್ ಮಾಡಿದಾನೆ’ ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ಕೇಳೋದು ಅವನು ರಿಮೋಟ್‌ನಲ್ಲಿ ಬರ್ತಾನಾ ಅಂತ.

ಎರಡು ಕಡೆನೂ ಬಿಗಿ ಮಾಡ್ತಾ ಕೂತ್ರೆ ಆರು ತಿಂಗಳಾದ್ಮೇಲೆ ನಿಮಗೇ ತಲೆ ಕೆಡತ್ತೆ. ನಾನು ಮಾಡೋದು ಇಷ್ಟು, ಗೇಟಲ್ಲಿ ಆಫೀಸಿನ ಎಲ್ಲಾ ಯೂಸರ್‌ಗಳಿಗೂ ಚೇಂಜ್, ಅಂದ್ರೆ ಓದೋದು ತಿದ್ದೋದು ಅಳಿಸೋದು, ಅಡ್ಮಿನ್‌ಗೆ ಫುಲ್ ಕಂಟ್ರೋಲ್, ನಿಜವಾದ ಬಿಗಿ ಎಲ್ಲಾ ಕೋಣೆ ಬಾಗಿಲಲ್ಲಿ. ಗೇಟಲ್ಲೂ ಫುಲ್ ಕಂಟ್ರೋಲೇ ಕೊಟ್ರೆ ಏನಾಯ್ತು ಅಂತ ತುಂಬಾ ಜನ ಕೇಳ್ತಾರೆ. ಕಾರಣ ಇದೆ. ಫೈಲ್ ಯಾರು ಹುಟ್ಟಿಸ್ತಾರೋ ಅವರೇ ಅದರ ಓನರ್, ಓನರ್‌ಗೆ ತನ್ನ ಫೈಲಿನ ಪರ್ಮಿಷನ್ ತಿದ್ದೋ ಹಕ್ಕು ತಾನಾಗೇ ಬರತ್ತೆ ಅಂತ ಆಗ್ಲೇ ಹೇಳಿದ್ನಲ್ಲ. ಅಂದ್ರೆ ಯಾವನೋ ಒಬ್ಬ ತುಂಟ ತನ್ನ ಫೋಲ್ಡರ್‌ನಿಂದ ಮ್ಯಾನೇಜರ್‌ನೇ ಹೊರಗೆ ಹಾಕಬಹುದು. ಗೇಟಲ್ಲಿ ಚೇಂಜ್ ಮಾತ್ರ ಇದ್ರೆ ನೆಟ್‌ವರ್ಕ್‌ನಿಂದ ಆ ಆಟ ನಡೆಯಲ್ಲ.

ಕೋಣೆ ಬಾಗಿಲಲ್ಲೂ ಅಷ್ಟೇ, ಬಳಸೋರಿಗೆ ಫುಲ್ ಕಂಟ್ರೋಲ್ ಯಾವತ್ತೂ ಬೇಡ, ಮಾಡಿಫೈ ಸಾಕು. ಮಾಡಿಫೈ ಇದ್ರೆ ತೆಗೀಬಹುದು, ತಿದ್ದಬಹುದು, ಹೊಸದು ಮಾಡಬಹುದು, ಅಳಿಸಬಹುದು. ಫುಲ್ ಕಂಟ್ರೋಲ್‌ನಲ್ಲಿ ಹೆಚ್ಚಿಗೆ ಬರೋದು ಮುಖ್ಯವಾಗಿ ಪರ್ಮಿಷನ್ ತಿದ್ದೋದು, ಓನರ್‌ಶಿಪ್ ಕಿತ್ಕೊಳ್ಳೋದು, ಅವು ನಿಮ್ಮ ಕೆಲಸ. ಇನ್ನು ಕೆಲವರು ಜಾಸ್ತಿ ಹುಷಾರು, ಡಿಲೀಟ್ ಮಾಡಬಾರದು ಆದ್ರೆ ತಿದ್ದಬೇಕು ಅಂತ ರೀಡು ರೈಟು ಎರಡೇ ಟಿಕ್ ಹಾಕ್ತಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ವರ್ಡ್, ಎಕ್ಸೆಲ್ ಸೇವ್ ಮಾಡೋ ರೀತಿ ನೋಡಿ, ಅವು ಹಳೇ ಫೈಲಿನ ಮೇಲೆ ನೇರ ಬರೆಯಲ್ಲ, ಪಕ್ಕದಲ್ಲಿ ಒಂದು ಟೆಂಪ್ ಫೈಲ್ ಮಾಡಿ, ಅದರಲ್ಲಿ ಬರೆದು, ಹಳೇದನ್ನ ತೆಗೆದು, ಹೊಸದಕ್ಕೆ ಹಳೇ ಹೆಸರಿಡ್ತವೆ. ಡಿಲೀಟ್ ಹಕ್ಕು ಇಲ್ದಿದ್ರೆ ಸೇವ್ ಕೈಕೊಡತ್ತೆ, ಫೋಲ್ಡರ್ ತುಂಬಾ ಆ ಟೆಂಪ್ ಫೈಲ್‌ಗಳು ಉಳ್ಕೊಂಡು ಕಸ ಆಗತ್ತೆ. ಅಳಿಸಿದ್ದು ವಾಪಸ್ ಬೇಕು ಅನ್ನೋ ಭಯಕ್ಕೆ ಔಷಧಿ ಬ್ಯಾಕಪ್ಪು, ಇಲ್ಲಾ ವಿಂಡೋಸ್ ಆಗಾಗ ತೆಗೆದಿಡೋ ಹಳೇ ಪ್ರತಿ, ಅಂದ್ರೆ ಶಾಡೋ ಕಾಪಿ. ಪರ್ಮಿಷನ್ ಅಲ್ಲ.

ಮುಂದಿನದು ಇನ್‌ಹೆರಿಟೆನ್ಸ್, ಅಪ್ಪನ ಫೋಲ್ಡರ್‌ನಲ್ಲಿ ಇದ್ದಿದ್ದು ಮಗನಿಗೆ ಇಳಿಯೋದು. ಇಲ್ಲಿ ಒಂದು ಗುಂಡಿ ಇದೆ, ಹೊಸಬರು ತಪ್ಪದೇ ಬೀಳ್ತಾರೆ. ಡಿ ಡ್ರೈವಲ್ಲಿ ನೀವು ಹೊಸ ಫೋಲ್ಡರ್ ಮಾಡಿದ ತಕ್ಷಣ ಡ್ರೈವ್‌ನಿಂದಲೇ ಯೂಸರ್ಸ್ ಗ್ರೂಪಿಗೆ ಓದೋ ಹಕ್ಕು ಇಳಿದು ಬಂದಿರತ್ತೆ. ಡೊಮೇನ್‌ಗೆ, ಅಂದ್ರೆ ಆಫೀಸಿನ ಎಲ್ಲಾ ಲಾಗಿನ್‌ಗಳನ್ನೂ ಒಂದೇ ಕಡೆ ಇಡೋ ವ್ಯವಸ್ಥೆಗೆ, ಸೇರಿದ ಸರ್ವರ್ ಆದ್ರೆ ಡೊಮೇನ್ ಯೂಸರ್ಸ್ ಎಲ್ರೂ ಆ ಯೂಸರ್ಸ್ ಒಳಗೇ ಇರ್ತಾರೆ. ನೀವು ಎಚ್‌ಆರ್ ಫೋಲ್ಡರ್‌ಗೆ ಎಚ್‌ಆರ್ ಗ್ರೂಪ್ ಸೇರಿಸಿ ‘ಆಯ್ತು, ಬೀಗ ಬಿತ್ತು’ ಅಂತ ಹೋಗ್ತೀರಿ, ಬೀಗ ಬಿದ್ದಿಲ್ಲ, ಇನ್ನೊಂದು ಬಾಗಿಲು ತೆಗೆದಿದೀರಿ ಅಷ್ಟೇ. ಅಡ್ವಾನ್ಸ್‌ಡ್‌ಗೆ ಹೋಗಿ ಇನ್‌ಹೆರಿಟೆನ್ಸ್ ನಿಲ್ಲಿಸಬೇಕು, ಆಗ ಎರಡು ದಾರಿ ಕೇಳತ್ತೆ, ಇಳಿದು ಬಂದಿದ್ದನ್ನ ಇಲ್ಲೇ ಸ್ವಂತದ್ದು ಮಾಡ್ಕೋತೀರಾ, ಇಲ್ಲಾ ಎಲ್ಲಾ ಒರೆಸಿ ಹಾಕ್ಲಾ ಅಂತ. ಮೊದಲನೇದು ಒತ್ತಿ, ಆಮೇಲೆ ಯೂಸರ್ಸ್‌ನ ಒಂದೊಂದಾಗಿ ತೆಗೀರಿ. ಅಡ್ಮಿನಿಸ್ಟ್ರೇಟರ್ಸು ಮತ್ತೆ ಸಿಸ್ಟಂ ಅನ್ನೋ ಹೆಸರು ಮಾತ್ರ ಮುಟ್ಟಬೇಡಿ. ಸಿಸ್ಟಂ ಅಂದ್ರೆ ವಿಂಡೋಸ್ ತಾನೇ ಬಳಸೋ ಅಕೌಂಟು, ಅದು ಗೊತ್ತಿಲ್ದೆ ಕಿತ್ತುಹಾಕಿ ಬ್ಯಾಕಪ್ ನಿಂತುಹೋದೋರಿದಾರೆ, ಕೆಲವು ಬ್ಯಾಕಪ್ ಸಾಫ್ಟ್‌ವೇರ್ ಆ ಹೆಸರಲ್ಲೇ ಓಡೋದು.

ಇನ್‌ಹೆರಿಟೆನ್ಸ್ ಎಲ್ಲೆಲ್ಲಿ ಮುರೀಬೇಕು ಅಂದ್ರೆ ಮೇಲಿನ ಎರಡು ಅಂತಸ್ತಲ್ಲಿ ಮಾತ್ರ. ಡೇಟಾ, ಅದರ ಕೆಳಗೆ ಇಲಾಖೆ ಫೋಲ್ಡರ್‌ಗಳು, ಅಲ್ಲಿಗೆ ಸಾಕು. ಅಕೌಂಟ್ಸ್ ಒಳಗೆ ಬ್ಯಾಂಕ್, ಬ್ಯಾಂಕ್ ಒಳಗೆ ಲೋನ್, ಲೋನ್ ಒಳಗೆ ‘ಇದು ಬಾಸ್‌ಗೆ ಮಾತ್ರ’ ಅಂತ ಒಂದು ಫೋಲ್ಡರ್, ಅಲ್ಲಿ ಹೋಗಿ ಬೀಗ ಹಾಕಿದ್ರೆ ನಿಮಗೂ ಮುಂದೆ ನೆನಪಿರಲ್ಲ. ಬಾಸ್‌ಗೆ ಮಾತ್ರ ಬೇಕಾದ್ದು ಇದ್ರೆ ಅದನ್ನ ಮೇಲಕ್ಕೆ ತಂದು ಇಲಾಖೆಗಳ ಸಾಲಲ್ಲೇ ಬೇರೆ ಫೋಲ್ಡರ್ ಮಾಡಿ. ಅದು ಎಲ್ರಿಗೂ ಕಾಣತ್ತಲ್ಲ ಸಾರ್ ಅಂತೀರಾ? ಅದಕ್ಕೆ ಶೇರ್‌ನ ಸೆಟ್ಟಿಂಗಲ್ಲಿ ಅಕ್ಸೆಸ್ ಬೇಸ್ಡ್ ಎನ್ಯುಮರೇಷನ್ ಅಂತ ಒಂದು ಟಿಕ್ ಇದೆ, ಸರ್ವರ್ 2008ರಿಂದ ಜೊತೆಗೇ ಬರತ್ತೆ, ಹಾಕಿದ್ರೆ ಓದೋ ಹಕ್ಕಿಲ್ಲದ ಫೋಲ್ಡರ್ ಅವರ ಕಣ್ಣಿಗೇ ಬೀಳಲ್ಲ. ಫೋಲ್ಡರ್ ಇದೆ ಅಂತ ಗೊತ್ತಾದ್ರೆ ತಾನೇ ‘ನನಗ್ಯಾಕೆ ಕೊಟ್ಟಿಲ್ಲ’ ಅನ್ನೋ ಪ್ರಶ್ನೆ. ಅರ್ಧ ಫೋನ್ ಕಾಲ್ ಇದರಿಂದಲೇ ನಿಂತವು.

ಗ್ರೂಪ್‌ಗಳ ವಿಷಯ. ಮೈಕ್ರೋಸಾಫ್ಟ್‌ನೋರು ತುಂಬಾ ಹಿಂದಿನಿಂದ ಹೇಳ್ಕೊಂಡು ಬಂದಿರೋ ಒಂದು ಪದ್ಧತಿ ಇದೆ, ಎ ಜಿ ಡಿ ಎಲ್ ಪಿ ಅಂತಾರೆ, ಪರೀಕ್ಷೆಗೆ ಓದಿದೋರು ಬಾಯಿಪಾಠ ಮಾಡಿರ್ತೀರಿ, ಮರೆತಿರ್ತೀರಿ. ಸರಳವಾಗಿ ಹೇಳ್ತೀನಿ. ಎರಡು ಥರ ಗ್ರೂಪ್ ಮಾಡಿ. ಒಂದು ಜನರ ಗ್ರೂಪು, ‘ಅಕೌಂಟ್ಸ್‌ನವರು’, ‘ಆಡಿಟರ್’ ಹೀಗೆ. ಇನ್ನೊಂದು ಫೋಲ್ಡರ್‌ನ ಗ್ರೂಪು, ‘ಸ್ಟೋರ್ಸ್ ಫೋಲ್ಡರ್ ಓದೋರು’, ‘ಸ್ಟೋರ್ಸ್ ಫೋಲ್ಡರ್ ತಿದ್ದೋರು’. ಫೋಲ್ಡರ್ ಮೇಲೆ ಕೂರೋದು ಎರಡನೇ ಥರದ್ದು ಮಾತ್ರ, ಒಂದು ಸಲ ಕೂರಿಸಿದ್ರೆ ಮುಗೀತು. ಆಮೇಲೆ ಅಕೌಂಟ್ಸ್‌ನವರಿಗೆ ಸ್ಟೋರ್ಸ್ ಓದೋಕೆ ಬಿಡ್ಬೇಕು ಅಂದ್ರೆ ‘ಅಕೌಂಟ್ಸ್‌ನವರು’ ಗ್ರೂಪನ್ನ ಎತ್ತಿ ‘ಸ್ಟೋರ್ಸ್ ಓದೋರು’ ಒಳಗೆ ಹಾಕೋದು. ನಿಮ್ಮ ಹಾಳೆಯ ಒಂದೊಂದು ಮನೆ ಅಂದ್ರೆ ಒಂದೊಂದು ಸೇರ್ಪಡೆ. ಫೋಲ್ಡರ್ ಬಾಗಿಲು ಮತ್ತೆ ಮುಟ್ಟೋ ಹಾಗೇ ಇಲ್ಲ. ಹತ್ತು ಜನರ ಆಫೀಸಿಗೆ ಇದು ಅತಿ ಆಯ್ತು, ಒಪ್ತೀನಿ, ಅಲ್ಲಿ ಒಂದೇ ಥರ ಗ್ರೂಪ್ ಸಾಕು. ಆದ್ರೆ ಹೆಸರು ಮಾತ್ರ ಓದಿದ್ರೆ ಗೊತ್ತಾಗೋ ಹಾಗಿರ್ಲಿ. ‘ಗ್ರೂಪ್ ಒಂದು’, ‘ಟೆಸ್ಟ್ ನ್ಯೂ’ ಅಂತ ಹೆಸರಿಟ್ಟೋರನ್ನ ನಾನು ಕ್ಷಮಿಸಲ್ಲ, ಅದರಲ್ಲಿ ಒಬ್ಬ ನಾನೇ.

ಡಿನೈ ಬಗ್ಗೆ ಒಂದು ಮಾತು, ನನಗೆ ಹೊಡೆತ ಬಿದ್ದಿದ್ದು ಅಲ್ವಾ. ಒಬ್ಬ ಮೂರು ಗ್ರೂಪಲ್ಲಿದ್ರೆ ಮೂರರ ಅಲೋಗಳೂ ಕೂಡ್ಕೋತವೆ, ಒಂದರಲ್ಲಿ ಓದೋದು, ಒಂದರಲ್ಲಿ ತಿದ್ದೋದು ಇದ್ರೆ ತಿದ್ದೋದು ಸಿಗತ್ತೆ. ಮಧ್ಯ ಎಲ್ಲಾದ್ರೂ ಡಿನೈ ಬಂದ್ರೆ ಅದು ಗೆಲ್ಲತ್ತೆ ಅಂತ ಎಲ್ಲಾ ಕಡೆ ಹೇಳಿಕೊಡ್ತಾರೆ. ಪೂರ್ತಿ ನಿಜ ಅಲ್ಲ. ಆ ಫೋಲ್ಡರ್ ಮೇಲೆ ನೇರ ಬರೆದ ಅಲೋ, ಮೇಲಿಂದ ಇಳಿದು ಬಂದ ಡಿನೈಯನ್ನ ಸೋಲಿಸತ್ತೆ. ಮೊದಲು ನೇರ ಡಿನೈ, ಆಮೇಲೆ ನೇರ ಅಲೋ, ಆಮೇಲೆ ಇಳಿದು ಬಂದ ಡಿನೈ, ಕೊನೆಗೆ ಇಳಿದು ಬಂದ ಅಲೋ, ಈ ಸರದಿಯಲ್ಲಿ ನೋಡ್ತಾ ಹೋಗತ್ತೆ. ಇಷ್ಟು ನೆನಪಿಟ್ಕೊಳ್ಳೋ ಬದಲು ಡಿನೈ ಮುಟ್ಟದೇ ಇರೋದೇ ವಾಸಿ. ಬೇಡದೋರಿಗೆ ಕೊಡಬೇಡಿ, ಅಷ್ಟೇ. ಕೊಡದೇ ಇದ್ರೆ ಸಿಗಲ್ಲ. ಒಬ್ಬನಿಗೆ ನಿಜವಾಗಿ ಏನು ಸಿಗ್ತಿದೆ ಅಂತ ಅನುಮಾನ ಬಂದ್ರೆ ಅಡ್ವಾನ್ಸ್‌ಡ್‌ನಲ್ಲೇ ಎಫೆಕ್ಟಿವ್ ಅಕ್ಸೆಸ್ ಅಂತ ಟ್ಯಾಬ್ ಇದೆ, ಅವನ ಹೆಸರು ಹಾಕಿದ್ರೆ ಲೆಕ್ಕ ಹಾಕಿ ತೋರಿಸತ್ತೆ.

ಈಗ ನಿಮಗೆಲ್ಲಾ ಆಗಿರೋ ಒಂದು ಅನುಭವಕ್ಕೆ ಬರ್ತೀನಿ. ಬೆಳಿಗ್ಗೆ ಫೋನು, ‘ಸಾರ್ ಸೇಲ್ಸ್ ಫೋಲ್ಡರೇ ಇಲ್ಲ, ಯಾರೋ ಡಿಲೀಟ್ ಮಾಡಿದಾರೆ’. ಎದೆ ಧಸಕ್. ಹೋಗಿ ನೋಡಿದ್ರೆ ಸೇಲ್ಸ್ ಫೋಲ್ಡರ್ ಕಾಮನ್ ಫೋಲ್ಡರ್ ಒಳಗೆ ಆರಾಮಾಗಿ ಕೂತಿದೆ. ಯಾರೋ ಡಬಲ್ ಕ್ಲಿಕ್ ಮಾಡೋಕೆ ಹೋಗಿ ಮೌಸ್ ಜಾರಿ ಎಳೆದು ಪಕ್ಕದ ಫೋಲ್ಡರ್ ಒಳಗೆ ಬಿಟ್ಟಿದಾರೆ, ಅವರಿಗೇ ಗೊತ್ತಿಲ್ಲ. ಇದಕ್ಕೆ ಅವರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ನೀವು ಸೇಲ್ಸ್ ಫೋಲ್ಡರ್‌ಗೆ ಮಾಡಿಫೈ ಕೊಟ್ಟಾಗ ಅದರಲ್ಲಿ ಆ ಫೋಲ್ಡರ್‌ನೇ ಅಳಿಸೋ ಹಕ್ಕೂ ಸೇರಿರತ್ತೆ, ಎತ್ತಿ ಬೇರೆ ಕಡೆ ಇಡೋದಕ್ಕೂ ಅದೇ ಹಕ್ಕು ಬೇಕು. ಅದಕ್ಕೆ ಎರಡು ಸಾಲಾಗಿ ಕೊಡಿ. ಮಾಡಿಫೈ ಕೊಡೋದು ‘ಒಳಗಿನ ಫೋಲ್ಡರ್ ಮತ್ತು ಫೈಲ್‌ಗಳಿಗೆ ಮಾತ್ರ’ ಅನ್ನೋ ಆಯ್ಕೆಯಲ್ಲಿ, ಇನ್ನೊಂದು ಸಾಲಲ್ಲಿ ‘ಈ ಫೋಲ್ಡರ್‌ಗೆ ಮಾತ್ರ’ ಅಂತ ಇಟ್ಟು ಓದೋದು, ಒಳಗೆ ಹೊಸ ಫೈಲು ಫೋಲ್ಡರ್ ಮಾಡೋದು, ಅಷ್ಟನ್ನೇ ಟಿಕ್ ಮಾಡಿ, ಡಿಲೀಟ್ ಬಿಟ್ಟುಬಿಡಿ. ಮೇಲಿನ ಡೇಟಾ ಫೋಲ್ಡರ್‌ಗೆ ಎಲ್ರಿಗೂ ‘ಈ ಫೋಲ್ಡರ್‌ಗೆ ಮಾತ್ರ’ ಓದೋದು ಸಾಕು, ಅಲ್ಲಿ ಯಾರೂ ಹೊಸ ಫೋಲ್ಡರ್ ಹುಟ್ಟಿಸೋ ಹಾಗಿರಬಾರದು, ಇಲ್ದಿದ್ರೆ ‘ನ್ಯೂ ಫೋಲ್ಡರ್ 2’, ‘ಮಂಜು ಪರ್ಸನಲ್’, ‘ಗೋವಾ ಫೋಟೋಸ್’ ಎಲ್ಲಾ ಅಲ್ಲೇ ಹುಟ್ಟತ್ತೆ. ಈ ಎರಡು ಸಾಲಿನ ಕೆಲಸ ಮಾಡಿದ ಮೇಲೆ ನನಗೆ ಆ ಆಫೀಸಿಂದ ಫೋಲ್ಡರ್ ಕಾಣೆಯಾದ ಫೋನ್ ಬಂದಿಲ್ಲ.

ಎಳೆದು ಹಾಕೋದು ಅಂದಾಗ ಇನ್ನೊಂದು ನೆನಪಾಯ್ತು. ಕಾಪಿಗೂ ಕಟ್‌ಗೂ ಇಲ್ಲಿ ವ್ಯತ್ಯಾಸ ಇದೆ. ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಹೊಸ ಜಾಗದ ಪರ್ಮಿಷನ್ ಬರತ್ತೆ. ಅದೇ ಡ್ರೈವ್ ಒಳಗೆ ಕಟ್ ಮಾಡಿ ಪೇಸ್ಟ್ ಮಾಡಿದ್ರೆ ಹಳೇ ಜಾಗದ ಪರ್ಮಿಷನ್ ಜೊತೆಗೇ ಬರಬಹುದು. ಅಕೌಂಟ್ಸ್‌ನವರು ಒಂದು ಫೈಲ್ ಎಲ್ರಿಗೂ ಕಾಣ್ಲಿ ಅಂತ ಕಾಮನ್‌ಗೆ ಕಟ್ ಪೇಸ್ಟ್ ಮಾಡ್ತಾರೆ, ಯಾರಿಗೂ ತೆಗೆಯೋಕಾಗಲ್ಲ, ಹೊಸ ಅತ್ತೆಮನೆಗೆ ಬಂದ್ರೂ ತವರುಮನೆ ಬೀಗಾನೇ ಹಾಕ್ಕೊಂಡು ಕೂತಿರತ್ತೆ ಅದು. ನಮ್ಮ ಸ್ಟಾಫಿಗೆ ನಾನು ಹೇಳಿರೋದು ಒಂದೇ, ಕಾಮನ್‌ಗೆ ಹಾಕೋವಾಗ ಕಾಪಿ ಮಾಡಿ. ಮತ್ತೆ ಅಡ್ಮಿನ್ ಆಗಿರೋ ನಿಮಗೆ, ಎಕ್ಸ್‌ಪ್ಲೋರರ್‌ನಲ್ಲಿ ಫೋಲ್ಡರ್ ತೆಗೆಯೋಕೆ ಹೋದಾಗ ‘ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ ಒತ್ತಿ’ ಅಂತ ಬರತ್ತಲ್ಲ, ಅದನ್ನ ಒತ್ತಬೇಡಿ. ಒತ್ತಿದ್ರೆ ನಿಮ್ಮ ಸ್ವಂತ ಹೆಸರು ಆ ಫೋಲ್ಡರ್ ಮೇಲೆ ಶಾಶ್ವತವಾಗಿ ಕೂರತ್ತೆ, ಮುಂದೆ ನೀವು ಕೆಲಸ ಬಿಟ್ಟ ಮೇಲೆ ಆ ಉದ್ದನೆ ನಂಬರ್ ಆಗೋದು ನೀವೇ.

ಇಲ್ಲಿ ಕಾಲೇಜಿಂದ ಬಂದೋರು ಇದೀರಿ, ಲಿನಕ್ಸ್ ಮೇಲೆ ಸಾಂಬಾ ಓಡಿಸ್ತಿದೀರಿ, ಅಂದ್ರೆ ಲಿನಕ್ಸ್ ಸರ್ವರ್‌ನ ಫೋಲ್ಡರ್‌ಗಳನ್ನ ವಿಂಡೋಸ್ ಸಿಸ್ಟಂಗಳಿಗೆ ಹಂಚೋ ಸಾಫ್ಟ್‌ವೇರು. ಸಾಂಬಾ ಹೆಸರಿನ ಕಥೆ ಗೊತ್ತಾ? ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಶುರುವಲ್ಲಿ ಬರೆದಿದ್ದು, ಮೊದಲಿಟ್ಟ ಹೆಸರು ಬೇರೆ ಕಂಪನಿಯದ್ದಾಗಿತ್ತು, ಬದಲಾಯಿಸಬೇಕಾಯ್ತು. ಫೈಲ್ ಶೇರಿಂಗ್‌ನ ಭಾಷೆ ಎಸ್‌ಎಂಬಿ ಅಲ್ವಾ, ಎಸ್, ಎಂ, ಬಿ ಈ ಮೂರು ಅಕ್ಷರ ಸಾಲಾಗಿ ಬರೋ ಪದ ಯಾವುದಿದೆ ಅಂತ ಕಂಪ್ಯೂಟರಿನ ಡಿಕ್ಷನರಿ ಫೈಲಲ್ಲಿ ಹುಡುಕಿದ್ರಂತೆ, ಸಿಕ್ಕಿದ್ದರಲ್ಲಿ ಸಾಂಬಾ ಒಂದು. ನಮ್ಮವರು ಯಾರಾದ್ರೂ ಮಾಡಿದ್ರೆ ಸಾಂಬಾರ್ ಅಂತಲೇ ಇಡ್ತಿದ್ರು, ಅದರಲ್ಲೂ ಮೂರೂ ಅಕ್ಷರ ಇದಾವೆ.

ಇರ್ಲಿ. ಲಿನಕ್ಸ್‌ನಲ್ಲೂ ಎರಡೇ ಬಾಗಿಲು. ಸಾಂಬಾದ ಕಾನ್ಫಿಗ್ ಫೈಲಲ್ಲಿ ವ್ಯಾಲಿಡ್ ಯೂಸರ್ಸ್ ಅಂತ ಬರೆಯೋದು ಗೇಟು, ಗ್ರೂಪ್ ಹೆಸರಿನ ಹಿಂದೆ ಅಟ್ ಚಿಹ್ನೆ ಹಾಕಬೇಕು. ಡಿಸ್ಕ್ ಮೇಲಿನ ಪರ್ಮಿಷನ್ ಕೋಣೆ ಬಾಗಿಲು. ಗೇಟ್ ತೆಗೆದು ಕೋಣೆ ಮುಚ್ಚಿದ್ರೆ ಅಲ್ಲೂ ಒಳಗೆ ಬಿಡಲ್ಲ, ಆಗ ಏನ್ ಮಾಡ್ತೀವಿ? ಹೇಳಿ, ಎಲ್ರಿಗೂ ಗೊತ್ತು. ಪರ್ಮಿಷನ್ ಬದಲಾಯಿಸೋ ಕಮಾಂಡು, ಚೇಂಜ್‌ಮಾಡ್ 777, ಒಂದೊಂದು 7 ಅಂದ್ರೆ ಎಲ್ಲಾ ಹಕ್ಕು. ಲಿನಕ್ಸ್‌ನೋರ ಎವ್ರಿವನ್ ಫುಲ್ ಕಂಟ್ರೋಲ್ ಅದು. ಅದರ ಬದಲು 2770 ಕೊಡಿ. ಮೊದಲ 7 ಓನರ್‌ಗೆ, ಎರಡನೇದು ಗ್ರೂಪ್‌ಗೆ, ಹೊರಗಿನವರಿಗೆ ಸೊನ್ನೆ. ಮುಂದಿನ ಆ 2 ಇದೆಯಲ್ಲ, ಅದೇ ಸೆಟ್‌ಜಿಐಡಿ, ಅದಿಲ್ದಿದ್ರೆ ಒಬ್ಬ ಲೆಕ್ಚರರ್ ಹೊಸ ಫೈಲ್ ಮಾಡಿದಾಗ ಅದು ಅವರ ಸ್ವಂತ ಗ್ರೂಪಿಗೆ ಸೇರತ್ತೆ, ಪಕ್ಕದ ಲೆಕ್ಚರರ್‌ಗೆ ತಿದ್ದೋಕಾಗಲ್ಲ. 2 ಇದ್ರೆ ಫೋಲ್ಡರ್‌ನ ಗ್ರೂಪೇ ಫೈಲಿಗೂ ಬರತ್ತೆ. ಅದರ ಜೊತೆ ಸಾಂಬಾದಲ್ಲಿ ಹೊಸ ಫೈಲು ಫೋಲ್ಡರ್‌ಗೆ ಯಾವ ಹಕ್ಕು ಉಳೀಬೇಕು ಅಂತ ಹೇಳೋ ಕ್ರಿಯೇಟ್ ಮಾಸ್ಕ್, ಡೈರೆಕ್ಟರಿ ಮಾಸ್ಕ್ ನೋಡ್ಕೊಳ್ಳಿ, ಇಲ್ದಿದ್ರೆ ಗ್ರೂಪ್ ಸರಿ ಇರತ್ತೆ, ಬರೆಯೋ ಹಕ್ಕು ಬಿಟ್ಟುಹೋಗಿರತ್ತೆ, ‘ಫೈಲ್ ತೆಗೆಯತ್ತೆ, ಸೇವ್ ಆಗಲ್ಲ’ ಅನ್ನೋ ಕಂಪ್ಲೇಂಟು ಬಹಳ ಸಲ ಇದೇ.

ಲಿನಕ್ಸ್‌ನ ಈ ಹಳೇ ಪದ್ಧತಿಯಲ್ಲಿ ಒಂದು ಫೋಲ್ಡರ್‌ಗೆ ಒಂದೇ ಗ್ರೂಪು. ಇಂಟರ್ನಲ್ ಮಾರ್ಕ್ಸ್ ಫೋಲ್ಡರ್ ತಗೊಳ್ಳಿ, ಲೆಕ್ಚರರ್‌ಗಳು ತಿದ್ದಬೇಕು, ಆಫೀಸ್‌ನವರು ಓದಬೇಕು, ವಿದ್ಯಾರ್ಥಿಗಳು ಆ ಕಡೆ ತಲೆ ಹಾಕಬಾರದು. ಇಲ್ಲಿ ಎರಡು ಗ್ರೂಪ್ ಬೇಕಾಯ್ತಲ್ಲ, ಅದಕ್ಕೆ ಎಸಿಎಲ್, ಅಂದ್ರೆ ಯಾರ್ಯಾರಿಗೆ ಯಾವ ಹಕ್ಕು ಅನ್ನೋ ಪಟ್ಟಿ, ಅದನ್ನ ಬರೆಯೋಕೆ ಸೆಟ್‌ಎಫ್‌ಎಸಿಎಲ್ ಅನ್ನೋ ಕಮಾಂಡು. ಎರಡು ಸಲ ಹೊಡೀಬೇಕು, ಒಂದು ಈಗ ಇರೋದಕ್ಕೆ, ಒಂದು ಮುಂದೆ ಹುಟ್ಟೋ ಫೈಲ್‌ಗಳಿಗೆ ಡಿಫಾಲ್ಟ್ ಅಂತ. ಎರಡನೇದು ಮರೆತ್ರೆ ಇವತ್ತು ಎಲ್ಲಾ ಸರಿ, ನಾಳೆ ಹಾಕಿದ ಫೈಲ್ ಆಫೀಸ್‌ನವರಿಗೆ ತೆಗೆಯಲ್ಲ. ಇನ್ನೊಂದು, ಯಾರನ್ನಾದ್ರೂ ಹೊಸ ಗ್ರೂಪಿಗೆ ಸೇರಿಸೋವಾಗ ಯೂಸರ್‌ಮಾಡ್ ಕಮಾಂಡಲ್ಲಿ ದೊಡ್ಡ ಜಿ ಜೊತೆ ಸಣ್ಣ ಎ ಇರ್ಲೇಬೇಕು. ಎ ಬಿಟ್ರೆ ಹೊಸ ಗ್ರೂಪಿಗೆ ಸೇರಿಸಿ ಉಳಿದ ಹೆಚ್ಚುವರಿ ಗ್ರೂಪ್‌ಗಳಿಂದೆಲ್ಲಾ ತೆಗೆದುಹಾಕತ್ತೆ. ಅಡ್ಮಿನ್ ಹಕ್ಕು ಕೊಡೋ ಸುಡೋ ಗ್ರೂಪಿಂದ ನನ್ನನ್ನ ನಾನೇ ಹೀಗೆ ಹೊರಗೆ ಹಾಕ್ಕೊಂಡಿದೀನಿ.

ಒಬ್ಬರು ಚೀಟಿ ಕಳಿಸಿದಾರೆ, ಟ್ಯಾಲಿ ಡೇಟಾ ಫೋಲ್ಡರ್‌ಗೆ ಏನ್ ಮಾಡೋದು ಅಂತ. ಅದು ನಮ್ಮ ಬೆಂಗಳೂರಿನದ್ದೇ ಲೆಕ್ಕಪತ್ರದ ಸಾಫ್ಟ್‌ವೇರು, ಇಲ್ಲಿರೋ ಎಲ್ಲರ ಆಫೀಸಲ್ಲೂ ಇರತ್ತೆ. ಮಾಮೂಲಿ ಮಲ್ಟಿ ಯೂಸರ್ ಥರ ಓಡಿಸ್ತಿದ್ರೆ ಪ್ರತಿಯೊಬ್ಬರ ಸಿಸ್ಟಂನಲ್ಲಿರೋ ಟ್ಯಾಲಿ ಆ ಫೋಲ್ಡರ್‌ನ ಫೈಲ್‌ಗಳನ್ನ ನೇರ ತೆಗೆದು ಬರೆಯತ್ತೆ, ಅಂದ್ರೆ ಟ್ಯಾಲಿಯಲ್ಲಿ ಎಂಟ್ರಿ ಹೊಡೆಯೋ ಪ್ರತಿಯೊಬ್ಬರಿಗೂ ಅಲ್ಲಿ ಮಾಡಿಫೈ ಬೇಕೇ ಬೇಕು. ಈತ ವೌಚರ್ ಮಾತ್ರ ನೋಡ್ಲಿ, ಬ್ಯಾಲೆನ್ಸ್ ಶೀಟ್ ನೋಡಬಾರದು ಅನ್ನೋದನ್ನ ಫೋಲ್ಡರ್ ಪರ್ಮಿಷನ್‌ನಿಂದ ಮಾಡೋಕಾಗಲ್ಲ, ಟ್ಯಾಲಿ ಒಳಗಿನ ಯೂಸರ್ ಸೆಕ್ಯುರಿಟಿಯಲ್ಲೇ ಮಾಡ್ಬೇಕು. ನೀವು ಸರ್ವರ್‌ನಲ್ಲಿ ಮಾಡಬಹುದಾದ್ದು ಎರಡು, ಅದನ್ನ ಜೆಡ್ ಡ್ರೈವಲ್ಲಿ ಸೇರಿಸದೇ ಬೇರೆ ಶೇರ್ ಮಾಡೋದು, ಟ್ಯಾಲಿ ಗ್ರೂಪಿಗೆ ಬಿಟ್ಟು ಬೇರೆ ಯಾರಿಗೂ ಕೊಡದೇ ಇರೋದು. ಅಲ್ಲಿಗೆ ಸೇಲ್ಸ್‌ನ ಸಿಸ್ಟಂಗೆ ರಾನ್ಸಮ್‌ವೇರ್, ಅಂದ್ರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸು, ಬಿದ್ರೆ ಟ್ಯಾಲಿ ಉಳಿಯೋ ಸಾಧ್ಯತೆ ಇರತ್ತೆ, ಯಾಕಂದ್ರೆ ಅಂಥದ್ದು ಸಾಮಾನ್ಯವಾಗಿ ಯಾರ ಲಾಗಿನ್‌ನಲ್ಲಿ ಓಡ್ತಿದೆಯೋ ಅವರಿಗೆ ಬರೆಯೋ ಹಕ್ಕು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ಹೋಗಿ ಬೀಗ ಹಾಕತ್ತೆ. ಎವ್ರಿವನ್ ಇದ್ರೆ ಅದಕ್ಕೂ ಎವ್ರಿವನ್. 2017ರ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ ಬೇರೆ ವಿಷಯ, ಅದು ಎಸ್‌ಎಂಬಿ ಒಂದನೇ ಆವೃತ್ತಿಯ ತೂತಿನಿಂದ ಹರಡಿದ್ದು, ಪರ್ಮಿಷನ್ ಕೇಳ್ಕೊಂಡು ಬಂದಿದ್ದಲ್ಲ. ಆ ಹಳೇ ಆವೃತ್ತಿ ಇನ್ನೂ ಆನ್ ಇದ್ರೆ ಇವತ್ತೇ ಆಫ್ ಮಾಡಿ, ಹಳೇ ಸ್ಕ್ಯಾನರ್ ಒಂದು ಕೆಲಸ ನಿಲ್ಲಿಸಬಹುದು, ನಿಲ್ಲಿಸ್ಲಿ.

ಡೊಮೇನ್ ಇಲ್ಲದ ಸಣ್ಣ ಆಫೀಸಿನವರಿಗೆ ಎರಡು ಮಾತು. ಸರ್ವರ್ ಮೇಲೆ ಲೋಕಲ್ ಯೂಸರ್, ಲೋಕಲ್ ಗ್ರೂಪ್ ಮಾಡಿದ್ರೂ ಇದೇ ಪದ್ಧತಿ ನಡೆಯತ್ತೆ, ಅವರ ಸಿಸ್ಟಂನ ಹೆಸರು ಪಾಸ್‌ವರ್ಡೇ ಸರ್ವರ್‌ನಲ್ಲೂ ಇಟ್ರೆ ಪದೇ ಪದೇ ಕೇಳಲ್ಲ. ಒಂದೇ ಸಿಸ್ಟಂನಿಂದ ಒಂದೇ ಸರ್ವರ್‌ಗೆ ಒಂದು ಶೇರ್ ಒಂದು ಹೆಸರಲ್ಲಿ, ಇನ್ನೊಂದು ಶೇರ್ ಇನ್ನೊಂದು ಹೆಸರಲ್ಲಿ ತೆಗೆಯೋಕೆ ವಿಂಡೋಸ್ ಬಿಡಲ್ಲ, ಪಾಸ್‌ವರ್ಡ್ ತಪ್ಪು ಅನ್ಕೊಂಡು ಒದ್ದಾಡಬೇಡಿ. ಮತ್ತೆ ವಿಂಡೋಸ್ 10 ಇರೋ ಡೆಸ್ಕ್‌ಟಾಪನ್ನೇ ಸರ್ವರ್ ಅಂತ ಕರೀತಿದ್ರೆ, ಅದು ಒಂದು ಹೊತ್ತಿಗೆ 20 ಕನೆಕ್ಷನ್‌ಗಿಂತ ಜಾಸ್ತಿ ತಗೊಳ್ಳಲ್ಲ. ಆಮೇಲೆ ಬಂದೋರಿಗೆ ತೆಗೆಯದೇ ಇರೋದು ಪರ್ಮಿಷನ್ ತಪ್ಪಿಂದ ಅಲ್ಲ.

ಬದಲಾಯಿಸೋಕೆ ಮುಂಚೆ ಈಗಿರೋದನ್ನ ಉಳಿಸ್ಕೊಳ್ಳಿ, ವಿಂಡೋಸ್‌ನ ಐಕ್ಯಾಕಲ್ಸ್ ಕಮಾಂಡಲ್ಲಿ ಸೇವ್ ಅಂತ ಇದೆ, ಒಂದರೊಳಗೊಂದಿರೋ ಎಲ್ಲಾ ಫೋಲ್ಡರ್‌ಗಳ ಪರ್ಮಿಷನ್ ಒಂದು ಫೈಲಿಗೆ ಬರೆದಿಡತ್ತೆ, ಕೈಕೊಟ್ರೆ ರಿಸ್ಟೋರ್ ಮಾಡಬಹುದು. ಶನಿವಾರ ಸಂಜೆ ಶುರು ಮಾಡಿ, ಸೋಮವಾರ ಬೆಳಿಗ್ಗೆ ಮಾಡಬೇಡಿ. ಮುಗಿದ ಮೇಲೆ ಅಡ್ಮಿನ್ ಲಾಗಿನ್‌ನಲ್ಲಿ ನೋಡಿ ಸರಿ ಇದೆ ಅನ್ಬೇಡಿ, ನಿಮಗೆ ಎಲ್ಲಾ ತೆಗೆಯತ್ತೆ. ಒಂದೊಂದು ಗ್ರೂಪಿಗೆ ಒಂದೊಂದು ಟೆಸ್ಟ್ ಯೂಸರ್ ಮಾಡಿ, ಆ ಹಾಳೆ ಪಕ್ಕದಲ್ಲಿಟ್ಕೊಂಡು, ತೆಗೆಯಬೇಕಾದ್ದು ತೆಗೆಯತ್ತಾ ಅಂತ ಮಾತ್ರ ಅಲ್ಲ, ತೆಗೆಯಬಾರದ್ದು ತೆಗೆಯತ್ತಾ ಅಂತಾನೂ ನೋಡಿ. ಎರಡನೇದನ್ನ ಯಾರೂ ಫೋನ್ ಮಾಡಿ ಹೇಳಲ್ಲ.

ಆ ಆಫೀಸಲ್ಲಿ ಹೊಸ ವ್ಯವಸ್ಥೆ ಕೂರಿಸಿ ಹತ್ತು ತಿಂಗಳಾದ್ಮೇಲೆ ಅಕೌಂಟ್ಸ್‌ನಲ್ಲಿದ್ದ ಒಬ್ಬ ಹುಡುಗಿಯನ್ನ ಎಚ್‌ಆರ್‌ಗೆ ಹಾಕಿದ್ರು. ಮೊದಲಾಗಿದ್ರೆ ಅರ್ಧ ದಿನದ ಕೆಲಸ, ಎಲ್ಲೆಲ್ಲಿ ಇವಳ ಹೆಸರಿದೆ ಅಂತ ಹುಡುಕೋದು. ನಾನು ಬಸ್ಸಲ್ಲಿದ್ದೆ, ಮೊಬೈಲಿಂದಲೇ ರಿಮೋಟ್ ತಗೊಂಡು ಅವಳನ್ನ ಒಂದು ಗ್ರೂಪಿಂದ ತೆಗೆದು ಇನ್ನೊಂದಕ್ಕೆ ಹಾಕಿದೆ, ಎರಡು ನಿಮಿಷ. ಐದು ನಿಮಿಷಕ್ಕೆ ಫೋನು, ‘ಸಾರ್ ಎಚ್‌ಆರ್ ಫೋಲ್ಡರ್ ಕಾಣಿಸ್ತಾನೇ ಇಲ್ಲ, ಅಕೌಂಟ್ಸ್ ಮಾತ್ರ ಈಗ್ಲೂ ತೆಗೆಯತ್ತೆ’. ಯಾವ ಯಾವ ಗ್ರೂಪಲ್ಲಿದೀರಿ ಅನ್ನೋ ಚೀಟಿಯನ್ನ ವಿಂಡೋಸ್ ಲಾಗಿನ್ ಆಗೋವಾಗ ಬರೆದು ಕೈಗೆ ಕೊಡತ್ತೆ, ಆಮೇಲೆ ಗ್ರೂಪ್ ಬದಲಾದ್ರೂ ಸಂಜೆವರೆಗೆ ಅದೇ ಹಳೇ ಚೀಟಿ ತೋರಿಸ್ಕೊಂಡು ಓಡಾಡ್ತಿರ್ತೀವಿ. ‘ಲಾಗಾಫ್ ಮಾಡಿ ಮತ್ತೆ ಲಾಗಿನ್ ಆಗಮ್ಮ’ ಅಂದೆ. ‘ಇಷ್ಟೇನಾ ಸಾರ್’ ಅಂದ್ಲು. ಸ್ವಲ್ಪ ಹೊತ್ತು ಲೈನಲ್ಲಿ ಕೀಬೋರ್ಡ್ ಸದ್ದು. ‘ಬಂತು ಸಾರ್. ಅಯ್ಯೋ, ಆದ್ರೆ ಅಕೌಂಟ್ಸ್ ಹೋಯ್ತು, ಅಲ್ಲಿ ನನ್ನದೊಂದು ಪರ್ಸನಲ್ ಫೈಲ್ ಇತ್ತಲ್ಲಾ.’